ಪಹಣಿಯಲ್ಲಿ ಕಾಣದ ಆದಾಯ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಜೀವನಾಂಶ ನಿರ್ಣಯ

ದಾಂಪತ್ಯ ಮುರಿದಾಗ ಹೆಂಡತಿಗೆ ಎಷ್ಟು, ಮಕ್ಕಳಿಗೆ ಎಷ್ಟು, ಮಕ್ಕಳು ಯಾರ ಬಳಿ ಎಂಬ ಪ್ರಶ್ನೆಗಳನ್ನು ವಿಚ್ಛೇದನ ಕಾನೂನಿನ ಭಾಗವಾಗಿ ಚರ್ಚಿಸುವುದು ರೂಢಿ. ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಆ ರೂಢಿ ದಾರಿ ತಪ್ಪಿಸುತ್ತದೆ ಎಂಬುದು ಈ ಲೇಖನದ ವಾದ. ಇಲ್ಲಿ ಜಾತಿ, ಪಂಗಡ, ಮತ ಕೇಳದೆ ನೆರವಿಗೆ ಬರುವುದು ಜೀವನಾಂಶದ ಕಲಮು: ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯೂ ಎಲ್ಲರಿಗೂ ಅನ್ವಯಿಸುತ್ತದೆ ನಿಜ. ಆದರೆ ಅಲ್ಲಿ ಮೊದಲು ದೌರ್ಜನ್ಯವನ್ನು ತೋರಿಸಬೇಕು.

ಈ ಸೀಮೆಯ ಚರಿತ್ರೆಯೇ ಇದಕ್ಕೆ ಒಂದು ಸಾಕ್ಷಿ. ಆಗ ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿದ್ದ ನೆಲ, ಮೈಸೂರಿನದು. ಮದ್ರಾಸಿನ 1949ರ ಕಾಯ್ದೆಯಿಂದ ಕೊಳ್ಳೇಗಾಲದ ಹಿಂದೂ ಹೆಣ್ಣಿಗೆ ವಿಚ್ಛೇದನದ ಹಕ್ಕು ಬಂತು. ಯಳಂದೂರಿನವಳಿಗೆ ಮೈಸೂರಿನ 1933ರ ಕಾಯ್ದೆ ಆಸ್ತಿಯಲ್ಲಿ ಪಾಲು ಕೊಟ್ಟಿತ್ತು. ಇಬ್ಬರಿಗೂ ಒಂದೇ ವಿವಾಹ ಕಾನೂನು ಬಂದದ್ದು 1955ರ ಮೇ 18ರಂದು. ಜೀವನಾಂಶದ ಕಲಮು ಇದಕ್ಕಿಂತ ಹಳೆಯದು. 1898ರ ಸಂಹಿತೆಯಲ್ಲಿ ತಿಂಗಳಿಗೆ 50 ರೂಪಾಯಿಯಿದ್ದ ಗರಿಷ್ಠ ಮೊತ್ತ 1923ರಲ್ಲಿ 100, 1955ರಲ್ಲಿ 500 ಆಗಿ, 2001ರ ತಿದ್ದುಪಡಿಯಲ್ಲಿ ಆ ಮಿತಿಯೇ ತೊಲಗಿತು.

ಒಂದೇ ವಿವಾಹ ಕಾನೂನು ಎಂದೆ. ಆದರೆ ಅದು ಎಲ್ಲರಿಗೂ ಅಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಹಿಂದೂ ವಿವಾಹ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸದು ಎನ್ನುತ್ತದೆ ಅದರ 2(2)ನೇ ಕಲಮು. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಪೋಡುಗಳಲ್ಲಿ, ಎಂದರೆ ಹಾಡಿಗಳಲ್ಲಿ, ಬಾಳುವ ಸೋಲಿಗರು, ಬಯಲಿನ ನಾಯಕರು, ಇಬ್ಬರೂ ಈ ಮಾತಿನ ವ್ಯಾಪ್ತಿಗೆ ಬರುತ್ತಾರೆ. ಹಿಂದೂ ವಿಧಿಯಂತೆ ಮದುವೆಯಾದವರೆಂದು ತೋರಿಸಿದಾಗ ಕೆಲವು ನ್ಯಾಯಾಲಯಗಳು ಈ ಅಡ್ಡಿಯನ್ನು ಸಡಿಲಿಸಿರುವುದುಂಟು. ಆದರೆ ಪ್ರೀತಿಸಿದವರು ಓಡಿಹೋಗಿ ಬಂದು, ಯಜಮಾನರ ಮುಂದೆ ತಪ್ಪುಕಾಣಿಕೆ ಕಟ್ಟಿ, ಕುಲದವರ ಒಪ್ಪಿಗೆಯಿಂದ ಸಂಸಾರ ಹೂಡುವುದು ಸೋಲಿಗರ ಹಳೆಯ ಪದ್ಧತಿ. ಆ ಮದುವೆಗೆ ಲಗ್ನಪತ್ರಿಕೆ, ಫೋಟೊ, ನೋಂದಣಿ ಎಲ್ಲಿಂದ ತರುವುದು? 2018ರಲ್ಲಿ ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಅರ್ಜಿಗೆ ಮದುವೆಯ ಕಟ್ಟುನಿಟ್ಟಿನ ಪುರಾವೆ ಬೇಕಿಲ್ಲ, ಗಂಡ ಹೆಂಡಿರಂತೆ ಬಹುಕಾಲ ಬಾಳಿದ್ದರೆ ಮದುವೆಯೆಂದು ಊಹಿಸಬಹುದು ಎಂದಿತು. ಪೋಡಿನ ಹೆಣ್ಣಿಗೆ ಈ ತೀರ್ಪಿನಷ್ಟು ಹತ್ತಿರದ ಕಾನೂನು ಬೇರೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಬಯಲಿನ ಊರುಗಳ ಅಡ್ಡಿ ಬೇರೆ ಬಗೆಯದು. ಹಿರಿಯರು ಪಂಚಾಯ್ತಿ ಸೇರಿ, ಒಂದಿಷ್ಟು ಹಣ ಕೊಡಿಸಿ, ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆಸುತ್ತಾರೆ. ‘ಇನ್ನು ಮುಂದೆ ಯಾವ ಹಕ್ಕೂ ಇಲ್ಲ’ ಎಂಬ ಸಾಲಿನ ಕೆಳಗೆ ಹೆಣ್ಣುಮಗಳ ಹೆಬ್ಬೆಟ್ಟು ಬೀಳುತ್ತದೆ. ಮುಂದೆ ಅರ್ಜಿ ಹಾಕಿದಾಗ ಎದುರುದಾರ ಮೊದಲು ಹಾಜರುಪಡಿಸುವುದು ಈ ಪತ್ರವನ್ನೇ. ಇದಕ್ಕೂ ಕರ್ನಾಟಕದ ಪ್ರಕರಣಗಳಲ್ಲೇ ಉತ್ತರವಿದೆ. ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದವಳೂ ಜೀವನಾಂಶಕ್ಕೆ ಅರ್ಹಳು ಎಂದು 1995ರಲ್ಲೂ, ಮುಂದೆ ಜೀವನಾಂಶ ಕೇಳುವುದಿಲ್ಲವೆಂಬ ಕರಾರು ಸಾರ್ವಜನಿಕ ನೀತಿಗೆ ವಿರುದ್ಧ ಎಂದು 2013ರಲ್ಲೂ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಮಕ್ಕಳ ಹಕ್ಕನ್ನಂತೂ ತಾಯಿಯೇ ಬರೆದುಕೊಟ್ಟರೂ ಕಳೆಯಲಾಗದು.

ಹಕ್ಕು ಸಾಬೀತಾದ ಮೇಲೆ ಮೊತ್ತದ ಪ್ರಶ್ನೆ. 2017ರ ತೀರ್ಪೊಂದು ಗಂಡನ ನಿವ್ವಳ ಸಂಬಳದ ಶೇ. 25ನ್ನು ನ್ಯಾಯವಾದ ಅಳತೆ ಎಂದದ್ದು ವಕೀಲರ ಬಾಯಲ್ಲಿ ಸೂತ್ರವೇ ಆಗಿಬಿಟ್ಟಿದೆ. ಸಂಬಳದ ಚೀಟಿ ಇರುವ ಮೇಷ್ಟರಿಗೋ ಕಂಡಕ್ಟರಿಗೋ ಅದು ಸರಿ. ಹನೂರಿನ ಮಳೆಯಾಶ್ರಿತ ಹೊಲದಲ್ಲಿ ರಾಗಿ ಬೆಳೆಯುವವನ, ಹಿಪ್ಪುನೇರಳೆ ಕಡ್ಡಿಯ ತೋಟ ಮಾಡಿ ಹುಳು ಸಾಕುವವನ, ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿ ಬರುವವನ ಆದಾಯದಲ್ಲಿ ಶೇ. 25 ಎಂದರೆ ಯಾವುದರಲ್ಲಿ? ‘ನನ್ನ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ’ ಎಂಬ ಉತ್ತರ ಸುಲಭ, ಎಷ್ಟೋ ಸಲ ಅಕ್ಷರಶಃ ಸತ್ಯ ಕೂಡ. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇರುತ್ತದೆ.

ಸುಪ್ರೀಂ ಕೋರ್ಟಿನ 2020ರ ನವೆಂಬರ್ 4ರ ರಜನೇಶ್–ನೇಹಾ ತೀರ್ಪು ಇಲ್ಲಿ ನೆರವಾಗಬೇಕು. ಅರ್ಜಿಯ ದಿನದಿಂದಲೇ ಜೀವನಾಂಶ ಎಂಬ ಅದರ ನಿಯಮ ಎಲ್ಲರಿಗೂ ಗೊತ್ತು. ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರಕ್ಕೆ ಅದು ಕೃಷಿಕರಲ್ಲದವರಿಗೊಂದು, ಕೃಷಿಕರಿಗೊಂದು ಬೇರೆ ಬೇರೆ ನಮೂನೆ ಕೊಟ್ಟದ್ದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕೃಷಿಕರ ನಮೂನೆ ಕೇಳುವ ವಿವರಗಳನ್ನು ನೋಡಿ: ಸ್ವಂತ ಜಮೀನಿನ ವಿಸ್ತೀರ್ಣ, ಇಲ್ಲವೇ ಜಮೀನಿನಲ್ಲಿರುವ ಪಾಲು; ತರಿಯೋ ಖುಷ್ಕಿಯೋ; ವರ್ಷದಲ್ಲಿ ಬೆಳೆದ ಬೆಳೆ; ಮೂರು ವರ್ಷಗಳ ಉತ್ಪತ್ತಿ; ಗುತ್ತಿಗೆಗೋ ವಾರಕ್ಕೋ ಹಿಡಿದ ನೆಲ; ಹಸು, ಎಮ್ಮೆ, ಮೇಕೆ, ಕೋಳಿ, ಜೇನು; ಜಮೀನಿನ ಮೇಲಿನ ಸಾಲ. ‘ಪಾಲು’ ಎಂಬ ಆ ಒಂದು ಅಂಕಣ ತಾತನ ಪಹಣಿಯ ನೆಪವನ್ನು ಕಡಿದುಹಾಕುತ್ತದೆ. ಅದರ ಜೊತೆಗೆ ವಂಶವೃಕ್ಷ, ಗೂಡಿನ ಮಾರುಕಟ್ಟೆಯ ರಸೀದಿ, ಡೇರಿಗೆ ಹಾಲು ಹಾಕಿದ ಪುಸ್ತಕ, ಬೆಟ್ಟದವರಾದರೆ ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಜೇನು, ಸೀಗೆ ಕೊಟ್ಟ ಲೆಕ್ಕ ಸೇರಿದರೆ ಆದಾಯ ಊಹೆಯಾಗಿ ಉಳಿಯುವುದಿಲ್ಲ. ಏನೂ ಇಲ್ಲವೆಂದರೂ, ಮೈಯಲ್ಲಿ ಕಸುವಿರುವ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮಕ್ಕಳ ಸುಪರ್ದಿಯ ತತ್ವ ಸರಳ, ಪ್ರಯೋಗ ಕಷ್ಟ. 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆಯೂ 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯೂ ಮಗುವಿನ ಹಿತವನ್ನೇ ಮುಂದಿಡುತ್ತವೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಕೇಳಬಹುದು. ತಾಯಿ ಬಡವಳೆಂಬ ಒಂದೇ ಕಾರಣಕ್ಕೆ ಮಗುವನ್ನು ತಂದೆಗೆ ಒಪ್ಪಿಸುವುದು ನ್ಯಾಯವಲ್ಲ; ಆ ಬಡತನ ನೀಗಿಸಲೆಂದೇ ಜೀವನಾಂಶ ಇರುವುದು. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ವಲಸೆ ಹೋಗಿ, ಮಗು ಅಜ್ಜಿಯ ಮಡಿಲಲ್ಲಿ ಬೆಳೆಯುವ ಮನೆಗಳಲ್ಲಿ ಮಗುವಿನ ‘ಸಾಮಾನ್ಯ ವಾಸಸ್ಥಳ’ ಯಾವುದು ಎಂಬುದೇ ವ್ಯಾಜ್ಯವಾಗುತ್ತದೆ. 1890ರ ಕಾಯ್ದೆಯಡಿ ಅರ್ಜಿ ಯಾವ ನ್ಯಾಯಾಲಯಕ್ಕೆ ಹೋಗಬೇಕೆಂಬುದು ಅದರ ಮೇಲೇ ನಿಂತಿದೆ. ಅಂಥಲ್ಲಿ ಅಜ್ಜಿಯ ಸಾಕ್ಷ್ಯಕ್ಕೆ ಈಗಿನದಕ್ಕಿಂತ ಹೆಚ್ಚಿನ ತೂಕ ಸಲ್ಲಬೇಕು.

ಆದೇಶವಾದ ಮೇಲೆ ವಸೂಲಿ. ಬಾಕಿ ಉಳಿಸಿಕೊಂಡವನಿಗೆ ವಾರಂಟು, ಒಂದು ತಿಂಗಳವರೆಗಿನ ಸೆರೆ ಉಂಟು. ಸೆರೆ ಅನುಭವಿಸಿದರೂ ಬಾಕಿ ತೀರಿದಂತಲ್ಲ. ಆದರೆ ಮೊತ್ತ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ವಾರಂಟು ಹೊರಡದು. ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿಲೋಮೀಟರು. ವಾಯಿದೆಗೊಮ್ಮೆ ಬಂದುಹೋಗುವವಳು ಒಂದು ದಿನದ ಕೂಲಿ ಮತ್ತು ಬಸ್ಸಿನ ಹಣ ಕಳೆದುಕೊಳ್ಳುತ್ತಾಳೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ಜಾರಿಯಾದ 60 ದಿನಗಳೊಳಗೆ ಆದಷ್ಟೂ ಮುಗಿಸಬೇಕೆಂಬ ಕಾನೂನಿನ ಮಾತು ಇಂಥವಳಿಗಾಗಿಯೇ ಇದೆ.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೂ ಪರಿಶಿಷ್ಟ ಪಂಗಡದವರಿಗೂ ವಕೀಲರ ನೆರವು ಉಚಿತ, ಆದಾಯದ ಮಿತಿಯಿಲ್ಲ. ಕೃಷಿಕರ ನಮೂನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಈ ಮೂರು ತಾಲ್ಲೂಕುಗಳ ಪ್ರತಿ ಜೀವನಾಂಶ ಅರ್ಜಿಯ ಜೊತೆಗೂ ಮೊದಲ ದಿನವೇ ಲಗತ್ತಿಸುವಂತೆ ಕಾನೂನು ಸೇವಾ ಸಮಿತಿಗಳೂ ವಕೀಲರ ಸಂಘಗಳೂ ನೋಡಿಕೊಳ್ಳಬೇಕು. ಇದಕ್ಕೆ ಹೊಸ ಶಾಸನ ಬೇಕಿಲ್ಲ.