ಅಸಲಿ ಜೀಪು ಯಾವುದು?

ಮಹೀಂದ್ರಾ ಕಂಪನಿಯ ಹೆಸರಿನ ಎರಡು ‘ಎಂ’ಗಳಲ್ಲಿ ಒಂದು ಮೊದಲು ಮಹಮ್ಮದ್ ಎಂಬ ಹೆಸರಿನದಾಗಿತ್ತು. 1945ರ ಅಕ್ಟೋಬರಿನಲ್ಲಿ ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಸೋದರರು ಮತ್ತು ಮಲಿಕ್ ಗುಲಾಮ್ ಮಹಮ್ಮದ್ ಸೇರಿ ಉಕ್ಕಿನ ವ್ಯಾಪಾರಕ್ಕೆಂದು ‘ಮಹೀಂದ್ರಾ ಅಂಡ್ ಮಹಮ್ಮದ್’ ಆರಂಭಿಸಿದರು. ಎರಡೇ ವರ್ಷದಲ್ಲಿ ದೇಶ ಒಡೆಯಿತು. ಗುಲಾಮ್ ಮಹಮ್ಮದ್ ಕರಾಚಿಗೆ ಹೋಗಿ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು, 1951ರಲ್ಲಿ ಗವರ್ನರ್ ಜನರಲ್ ಆದರು. ಇತ್ತ 1948ರಲ್ಲಿ ಕಂಪನಿ ‘ಮಹೀಂದ್ರಾ ಅಂಡ್ ಮಹೀಂದ್ರಾ’ ಆಯಿತು. ಅಚ್ಚಾಗಿದ್ದ ಕಾಗದಪತ್ರಗಳು ವ್ಯರ್ಥವಾಗದಿರಲೆಂದು ಎರಡು ಎಂ ಹಾಗೇ ಉಳಿಸಿಕೊಂಡರು ಎಂಬ ಮಾತೂ ಇದೆ. ಭಾರತಕ್ಕೆ ಜೀಪು ಕೊಟ್ಟ ಕಂಪನಿಯ ಹೆಸರೇ ಹೀಗೆ ಒಂದು ರಿಪೇರಿ. ಒಂದು ಭಾಗ ಕಳಚಿ, ಅದೇ ಅಳತೆಯ ಇನ್ನೊಂದನ್ನು ಕೂರಿಸಿದ್ದು.

ಜೀಪಿನ ಚರಿತ್ರೆಯಲ್ಲಿ ಇಂಥ ಕಳಚುವಿಕೆ ಮೊದಲಿನಿಂದಲೂ ಇದೆ. 1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಗಾಡಿ ಬೇಕೆಂದು 135 ಕಂಪನಿಗಳನ್ನು ಕೇಳಿತು. 49 ದಿನಗಳ ಗಡುವಿನೊಳಗೆ ಮಾದರಿ ಕಟ್ಟಿ ಒಪ್ಪಿಸಿದ್ದು ಬಾಂಟಮ್ ಎಂಬ ಬಡ ಕಂಪನಿ. ನಕ್ಷೆ ಬರೆದವನು ಕಾರ್ಲ್ ಪ್ರಾಬ್ಸ್ಟ್. ಆದರೆ ಅಷ್ಟು ಸಂಖ್ಯೆಯ ಗಾಡಿ ತಯಾರಿಸುವ ತಾಕತ್ತು ಬಾಂಟಮ್‌ಗೆ ಇದೆಯೆಂದು ಸೈನ್ಯ ನಂಬಲಿಲ್ಲ. ಗುತ್ತಿಗೆ ವಿಲ್ಲಿಸ್ ಮತ್ತು ಫೋರ್ಡ್ ಪಾಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. ಮೊದಲ ಗಾಡಿ ಕಟ್ಟಿದ ಬಾಂಟಮ್‌ಗೆ ಜೀಪಿನ ಹಿಂದೆ ಎಳೆಯುವ ಟ್ರೈಲರ್ ಮಾಡುವ ಕೆಲಸ ಸಿಕ್ಕಿತು. ಫೋರ್ಡ್ ಮಾತ್ರ ಜಾಣತನ ಮಾಡಿತು. ನಕ್ಷೆ ವಿಲ್ಲಿಸ್‌ನದಾದರೂ ತಾನು ತಯಾರಿಸಿದ ಬೋಲ್ಟುಗಳ ತಲೆಯ ಮೇಲೂ ಇಂಗ್ಲಿಷಿನ ‘ಎಫ್’ ಅಕ್ಷರ ಒತ್ತಿತು. ಇವತ್ತು ಹಳೆಯ ಜೀಪು ಜೋಡಿಸುವ ಶ್ರೀಮಂತರು ಆ ‘ಎಫ್’ ಬೋಲ್ಟುಗಳನ್ನು ಹುಡುಕಿ ಹುಡುಕಿ ಕೊಳ್ಳುತ್ತಾರೆ.

ಈ ಗಾಡಿಯನ್ನು ರೂಪಿಸಿದ್ದು ಯುದ್ಧಭೂಮಿಯಲ್ಲಿ ಸಾಮಾನ್ಯ ಸಿಪಾಯಿ ರಿಪೇರಿ ಮಾಡಲೆಂದು. 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್ನು ಸರಳವಾದದ್ದು. ಹೆಡ್‌ಲೈಟನ್ನು ಹಿಂದಕ್ಕೆ ಮಗುಚಿದರೆ ಬೆಳಕು ಎಂಜಿನ್ನಿನ ಮೇಲೆ ಬೀಳುತ್ತದೆ. ರಾತ್ರಿ ಕೆಲಸಕ್ಕೆ ಬೇರೆ ದೀಪ ಬೇಡ. ಬಿಚ್ಚಲು ಬರುವುದನ್ನು ಬದಲಿಸಲೂ ಬರುತ್ತದೆ. ನಮ್ಮ ಮಿಸ್ತ್ರಿಗಳ ಕೈಗೆ ಜೀಪು ಒಲಿದದ್ದರ ಗುಟ್ಟು ಇದೇ.

ಭಾರತಕ್ಕೆ ಜೀಪು ಬಂದದ್ದು ಬರ್ಮಾ ಯುದ್ಧದ ಜೊತೆ. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದವು ‘ಡಿಸ್ಪೋಸಲ್’ ಮಾಲಾಗಿ ಹರಾಜಾದವು. ಸ್ವತಂತ್ರ ಭಾರತದ ಮೊದಲ ಹಗರಣವೆಂದು ಹೆಸರಾದದ್ದೂ ರಿಪೇರಿ ಮಾಡಿದ ಹಳೆಯ ಜೀಪುಗಳದ್ದೇ ಎಂಬುದು ಸ್ವಾರಸ್ಯಕರ. 1948ರಲ್ಲಿ ಕಾಶ್ಮೀರದ ಕಾಳಗಕ್ಕೆಂದು ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ 80 ಲಕ್ಷ ರೂಪಾಯಿಯ ಒಪ್ಪಂದ ಮಾಡಿಕೊಂಡರು. ಬಂದಿಳಿದದ್ದು 155 ಜೀಪು. ಪಾರ್ಲಿಮೆಂಟಿನಲ್ಲಿ ಗದ್ದಲವಾಗಿ, 1955ರಲ್ಲಿ ಸರ್ಕಾರ ಆ ಕಡತ ಮುಚ್ಚಿತು. ಇದೇ ಕಾಲದಲ್ಲಿ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸತೊಡಗಿತು. ಮುಂದೆ ಸಿಜೆ-3ಬಿ ಎಂಬ ಎತ್ತರದ ಬಾನೆಟ್ಟಿನ ಜೀಪು ಬಂತು. ಅದರ ಎಂಜಿನ್ನು ಹಿಂದಿನದಕ್ಕಿಂತ ಎತ್ತರವಾದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಪೊಲೀಸು, ಅರಣ್ಯ ಇಲಾಖೆ, ಬಿ.ಡಿ.ಓ., ಚುನಾವಣಾ ಪ್ರಚಾರ ಎಂದರೆ ಜನರ ಕಣ್ಣಿಗೆ ಕಟ್ಟುತ್ತಿದ್ದ ಜೀಪು ಇದೇ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಿಗೆ ಇಂಥ ಜೀಪು ಅನಿವಾರ್ಯವಾಯಿತು. ಮಳೆಗಾಲದಲ್ಲಿ ಬೇರೆ ಗಾಡಿ ಹತ್ತದ ಏರಿನಲ್ಲಿ ಇದು ಗೊಬ್ಬರ, ಆಳು, ಬಸುರಿ ಹೆಂಗಸು ಎಲ್ಲರನ್ನೂ ಹೊತ್ತಿತು. ಆದರೆ ಪೆಟ್ರೋಲು ಕುಡಿಯುತ್ತಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪು ಸಾಕುವುದು ಆನೆ ಸಾಕಿದಂತಾಯಿತು. ಕಂಪನಿ ತಾನೇ ಡೀಸೆಲ್ ಜೀಪು ತಂದಿತು. 80ರ ದಶಕದಲ್ಲಿ ಪ್ಯೂಜೋ ಡೀಸೆಲ್ ಎಂಜಿನ್ನಿನ ಎಂಎಂ-540 ಬಂತು. ಹೊಸದು ಕೊಳ್ಳಲಾಗದವರು ಹಳೆಯ ಜೀಪನ್ನು ಗ್ಯಾರೇಜಿಗೆ ತಂದರು.

ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸುವುದು ಹೊರಗಿನವರಿಗೆ ಸಣ್ಣ ಕೆಲಸದಂತೆ ಕಾಣಬಹುದು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ತೂತುಗಳೇ ಹೊಂದುವುದಿಲ್ಲ. ಎರಡರ ನಡುವೆ ಲೇತಿನಲ್ಲಿ ಕಡೆದ ದಪ್ಪ ಪ್ಲೇಟು ಬೇಕು. ಎಂಜಿನ್ನಿನ ಕ್ರ್ಯಾಂಕಿನ ಕೇಂದ್ರ ಮತ್ತು ಗೇರ್‌ಬಾಕ್ಸಿನ ಶಾಫ್ಟಿನ ಕೇಂದ್ರ ಕೂದಲೆಳೆಯಷ್ಟು ಸರಿದರೂ ಬೇರಿಂಗು ಕಿತ್ತುಹೋಗುತ್ತದೆ. ಡೀಸೆಲ್ ಎಂಜಿನ್ನನ್ನು ತಿರುಗಿಸಲು ಬಲವಾದ ಸ್ಟಾರ್ಟರ್ ಬೇಕು. ಯುದ್ಧಕಾಲದ ಜೀಪಿನ 6 ವೋಲ್ಟ್ ಸಾಲದು. 12 ವೋಲ್ಟ್ ಹಾಕಿದರೆ ಡೈನಮೋ, ಬಲ್ಬು, ವೈರಿಂಗು ಎಲ್ಲ ಬದಲಾಗಬೇಕು. ಎಂಜಿನ್ ಭಾರವಾದ್ದರಿಂದ ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಬೇಕು. ಹಲವು ಹಳೆಯ ಜೀಪುಗಳ ವೈಪರ್ ಓಡುತ್ತಿದ್ದುದು ಪೆಟ್ರೋಲ್ ಎಂಜಿನ್ ಗಾಳಿ ಹೀರುವಾಗ ಹುಟ್ಟುವ ನಿರ್ವಾತದಿಂದ. ಡೀಸೆಲ್‌ನಲ್ಲಿ ಆ ಎಳೆತವಿಲ್ಲ. ಆಗುಂಬೆಯ ಮಳೆಯಲ್ಲಿ ವೈಪರ್ ಇಲ್ಲದೆ ಹೋಗುವುದುಂಟೆ? ಹಾಗಾಗಿ ಕರೆಂಟಿನ ಮೋಟಾರು ಬಂತು. ಟ್ರ್ಯಾಕ್ಟರ್ ಜಾತಿಯ ಡೀಸೆಲ್ ನಿಧಾನವಾಗಿ ತಿರುಗುವುದರಿಂದ, ಸಿಜೆ-3ಬಿಯ 43ಕ್ಕೆ 8 ಹಲ್ಲಿನ ಆಕ್ಸಲ್ಲಿನಲ್ಲಿ ಗಾಡಿ ತೆವಳುತ್ತದೆ. ಆ ಹಲ್ಲುಗಳನ್ನು ಬದಲಿಸುವುದಾದರೆ ಮುಂದಿನ, ಹಿಂದಿನ ಎರಡೂ ಆಕ್ಸಲ್ಲಿನಲ್ಲಿ ಬದಲಿಸಬೇಕು. ಲೆಕ್ಕ ಬೇರೆಬೇರೆಯಾದರೆ ನಾಲ್ಕು ಚಕ್ರದ ಗೇರು ಹಾಕಿದೊಡನೆ ಒಂದು ಆಕ್ಸಲ್ ಇನ್ನೊಂದರ ಜೊತೆ ಗುದ್ದಾಡಿ ಯಾವುದೋ ಒಂದು ಮುರಿಯುತ್ತದೆ. ಇಷ್ಟನ್ನೂ ಮಾಡಿದವರಲ್ಲಿ ಹೆಚ್ಚಿನವರು ಪ್ರೈಮರಿ ಶಾಲೆ ದಾಟದವರು. ಗ್ಯಾಸ್ಕೆಟ್ಟಿನ ಹಾಳೆಯನ್ನು ಎಂಜಿನ್ನಿನ ಅಂಚಿಗೆ ಇಟ್ಟು ಗುಂಡು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕತ್ತರಿಸಿ ತೆಗೆಯುವ ಹುಡುಗನನ್ನು ನೋಡಿದವರಿಗೆ, ವಿದ್ಯೆ ಎಂದರೇನೆಂದು ಮತ್ತೊಮ್ಮೆ ಯೋಚಿಸಬೇಕೆನಿಸುತ್ತದೆ.

ಈ ಕಸುಬಿನ ಭಾಷೆಯೂ ಒಂದು ಕೂಡುಗಾಡಿ. ಮಿಸ್ತ್ರಿ ಎಂಬುದು ಪೋರ್ಚುಗೀಸರಿಂದ ಬಂತು, ಉಸ್ತಾದ್ ಫಾರಸಿಯಿಂದ. ಪಟ್ಟಿ ಸ್ಪ್ರಿಂಗಿಗೆ ಹೇಳುವ ಕಮಾನ್ ಫಾರಸಿಯಲ್ಲಿ ಬಿಲ್ಲು; ಕನ್ನಡದಲ್ಲಿ ಮಸೀದಿ, ದೇಗುಲಗಳ ಬಾಗಿಲಿಗೂ ಅದೇ ಕಮಾನು. ಗುಜರಿಯೆಂದರೆ ಉರ್ದುವಿನಲ್ಲಿ ದಾರಿಬದಿಯ ಸಂಜೆಸಂತೆ. ನಮ್ಮಲ್ಲಿ ಅದು ಹಳೇ ಕಬ್ಬಿಣದ ಅಂಗಡಿಯಾಯಿತು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಎಷ್ಟು ಜೀಪುಗಳು ಕಳಚಿಕೊಂಡು ಎಷ್ಟು ಜೀಪುಗಳೊಳಗೆ ಮರುಹುಟ್ಟು ಪಡೆದವೋ ಲೆಕ್ಕವಿಲ್ಲ. ಉತ್ತರದಲ್ಲಿ ಪಂಜಾಬ್-ಹರಿಯಾಣ ಗಡಿಯ ಮಂಡಿ ಡಬ್ವಾಲಿ ಎಂಬ ಊರು ಜೀಪು ಕಟ್ಟಿಕೊಡುವುದರಿಂದಲೇ ಹೆಸರಾಯಿತು. ಜಬಲ್ಪುರದ ಸೈನಿಕ ಕಾರ್ಖಾನೆಯಲ್ಲಿ 1969ರಿಂದ 1999ರವರೆಗೆ ನಿಸ್ಸಾನ್ ಪಟ್ರೋಲ್ ಎಂಬ ಗಾಡಿಯ ನಕ್ಷೆಯಂತೆ ತಯಾರಾದ ಜೋಂಗಾಗಳ ಕತೆಯೂ ಇದೇ. ಅವು ಪೆಟ್ರೋಲಿನ ಬಕಾಸುರಗಳು. ಸೈನ್ಯದ ಹರಾಜಿನಲ್ಲಿ ಕೊಂಡವರು ಮೊದಲು ಮಾಡಿದ ಕೆಲಸ ಸುಮಾರು ನಾಲ್ಕು ಲೀಟರಿನ ಆ ಎಂಜಿನ್ನನ್ನು ಇಳಿಸಿದ್ದು.

2006ರ ಸಾಚಾರ್ ವರದಿ ಮುಸ್ಲಿಮರು ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯಲ್ಲಿ, ವಾಹನ ರಿಪೇರಿಯಂಥ ಕಸುಬುಗಳಲ್ಲಿ ಹೆಚ್ಚಿದ್ದಾರೆಂದು ಗುರುತಿಸಿತ್ತು. ಇದನ್ನು ಬಡತನದ ಅಂಕಿಯೆಂದಷ್ಟೇ ಓದುವುದು ನಮಗೆ ರೂಢಿಯಾಗಿದೆ. ಶಾಲೆ ಬಿಟ್ಟು ಗ್ಯಾರೇಜಿಗೆ ಬಂದ ಮಗುವಿನ ನಷ್ಟವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಆ ಕೈಗಳು ಮಾಡಿದ ಕೆಲಸಕ್ಕೂ ಒಂದು ಚರಿತ್ರೆಯಿದೆಯಲ್ಲ, ಅದು ಯಾವ ವರದಿಯಲ್ಲಿದೆ?

ಈಗ ಹಳೆಯ ಜೀಪಿಗೆ ಹೊಸ ಮರ್ಯಾದೆ ಬಂದಿದೆ. ಸಂಗ್ರಾಹಕರಿಗೆ ಬೇಕಾದದ್ದು ‘ಒರಿಜಿನಲ್’ ಗಾಡಿ: 1944ರಲ್ಲಿ ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ. ಕಾನೂನೂ ಅದೇ ದಾರಿಯಲ್ಲಿದೆ. ಕಾರ್ಖಾನೆಯ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು, ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಶೆಡ್ಡಿನಲ್ಲಿ ಮಲಗಿದ್ದ ಜೀಪಿಗೆ ವಿಂಟೇಜ್ ಬಿರುದು ಸಿಗುತ್ತದೆ. 50 ವರ್ಷ ಘಟ್ಟ ಹತ್ತಿ ಇಳಿದು, ಎಂಜಿನ್ ಬದಲಿಸಿಕೊಂಡು ಬದುಕಿದ ಜೀಪಿಗೆ ಸಿಗುವುದಿಲ್ಲ.

ಕೋರ್ಟಿನ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಭಾರದ ಎಂಜಿನ್ ಹಾಕಿ, ಬ್ರೇಕು ಮಾತ್ರ ಹಳೆಯ 9 ಅಂಗುಲದ ಡ್ರಮ್ಮುಗಳಲ್ಲೇ ಬಿಟ್ಟವರಿದ್ದಾರೆ. ಅದರಲ್ಲಿ ಎಣ್ಣೆಯ ಕೊಳವೆ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಹೋಗುತ್ತದೆ. ಶೋಕಿಗಾಗಿ ಶ್ಯಾಕಲ್ ಉದ್ದ ಮಾಡಿ ಗಾಡಿಯನ್ನು ಎತ್ತರಿಸಿದರೆ ಮುಂದಿನ ಚಕ್ರದ ಕೋನ ಕೆಟ್ಟು ಸ್ಟೇರಿಂಗು ಗಡಗಡ ನಡುಗುತ್ತದೆ. ಇಂಥದ್ದನ್ನು ಒಳ್ಳೆಯ ಮಿಸ್ತ್ರಿಗಳೂ ಒಪ್ಪುತ್ತಿರಲಿಲ್ಲ. ನನ್ನ ತಕರಾರು ಇರುವುದು ‘ಮೂಲರೂಪ’ ಎಂಬ ಮಾತಿನ ಬಗ್ಗೆ. ಅಸಲಿ ಎಂಬ ನಮ್ಮ ಮಾತು ಅರಬಿಯ ‘ಅಸ್ಲ್’ನಿಂದ ಬಂದದ್ದು, ಬೇರು ಎಂದು ಅರ್ಥ. ಅದರ ಎದುರುಪದ ನಕಲಿ ‘ನಕ್ಲ್’ನಿಂದ ಬಂದದ್ದು. ನಕ್ಲ್ ಎಂದರೆ ಪ್ರತಿ ಮಾಡುವುದು ಮಾತ್ರವಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಎಂದೂ ಅರ್ಥವಿದೆ. ಜೀಪಿನ ಕೆಲಸವೇ ಅದು.

ಕೊಡಚಾದ್ರಿಗೂ ಮಡಿಕೇರಿಯ ಮಾಂದಲಪಟ್ಟಿಗೂ ಪ್ರವಾಸಿಗಳನ್ನು ಹತ್ತಿಸುವ ಮಹೀಂದ್ರಾ ಜೀಪುಗಳ ಅಡಿಗೆ ಒಮ್ಮೆ ಬಗ್ಗಿ ನೋಡಿ. ಬೆಸುಗೆಯ ಮೇಲೆ ಬೆಸುಗೆ, ಒಂದು ಗಾಡಿಯ ಗೇರ್‌ಬಾಕ್ಸು, ಇನ್ನೊಂದರ ಆಕ್ಸಲ್ಲು, ಲಾರಿಯ ಪಟ್ಟಿ ಕತ್ತರಿಸಿ ಮಾಡಿದ ಕಮಾನು. ಪ್ರತಿ ಬೆಸುಗೆಯ ಹಿಂದೆ ಒಂದು ಮಳೆಗಾಲವಿದೆ, ಸಾಲ ತೀರಿಸಲಾಗದ ಒಬ್ಬ ಡ್ರೈವರಿದ್ದಾನೆ, ‘ನಾಳೆ ಬೆಳಿಗ್ಗೆ ತಗೊಂಡು ಹೋಗು’ ಎಂದು ರಾತ್ರಿಯಿಡೀ ಕೂತ ಒಬ್ಬ ಉಸ್ತಾದನಿದ್ದಾನೆ.

ಹಳೆಯ ಜೀಪನ್ನು ಅಸಲಿ ಮಾಡಲು ಕೊಂಡವರು ಮೊದಲು ಬಿಚ್ಚಿಸುವುದು ಡೀಸೆಲ್ ಎಂಜಿನ್ನನ್ನು. ಅದಕ್ಕೆ ಗಿರಾಕಿ ಸಿಗುತ್ತಾರೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇದ್ದ, ಯಾರೋ ಲೇತಿನಲ್ಲಿ ದಿನಗಟ್ಟಲೆ ಕಡೆದ ಆ ದಪ್ಪ ಪ್ಲೇಟಿಗೆ ಸಿಗುವುದಿಲ್ಲ. ಅದರ ಮೇಲೆ ‘ಎಫ್’ ಅಕ್ಷರವಿಲ್ಲ, ಕಂಪನಿಯ ನಂಬರಿಲ್ಲ. ಗುಜರಿಯವನು ಅದನ್ನು ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ದುಡ್ಡು ಕೊಡುತ್ತಾನೆ.