ನೋವಿನೆಣ್ಣೆ ಮತ್ತು ಭಂಗಿ: ಧಾರವಾಡ ಜಿಲ್ಲೆಯ ಮನೆವೈದ್ಯದ ಇತಿಹಾಸದಲ್ಲಿ ಒಂದು ಪ್ರಶ್ನೆ

೧

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಮತ್ತು ಕಲಘಟಗಿ ಭಾಗದ ಹಳ್ಳಿಗಳಲ್ಲಿ ಕೀಲುನೋವು, ಸೊಂಟನೋವು, ಉಳುಕು ಮುಂತಾದವುಗಳಿಗೆ ಮನೆಯಲ್ಲಿಯೇ ಎಣ್ಣೆ ಕಾಸಿ ತಿಕ್ಕುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಮೊದಲಿನ ಮೂರು ಎರೆಭೂಮಿಯ ಪ್ರದೇಶಗಳು. ಜೋಳ, ಹತ್ತಿ, ಕುಸುಬಿಗಳ ನಾಡು. ಕಲಘಟಗಿಯು ಮಲೆನಾಡಿನ ಸೆರಗು. ಬೆಳೆ ಬೇರೆಯಾದರೂ ಬಗ್ಗಿ ಕಳೆ ಕೀಳುವವರ, ಹೊರೆ ಹೊರುವವರ, ನವಲಗುಂದದಲ್ಲಿ ಮಗ್ಗದ ಮುಂದೆ ಕುಳಿತು ಜಮಖಾನೆ ನೇಯುವ ಹೆಣ್ಣುಮಕ್ಕಳ ಬೆನ್ನುನೋವು ಒಂದೇ. ಈ ನೋವಿಗೆ ಔಡಲೆಣ್ಣೆ, ಎಳ್ಳೆಣ್ಣೆಗಳು ಆಧಾರ. ಲಕ್ಕಿಯ ತಪ್ಪಲು, ಕಾಯಿಸಿದ ಎಕ್ಕೆಯ ಎಲೆ, ಬೆಳ್ಳುಳ್ಳಿ, ಉಪ್ಪಿನ ಗಂಟಿನ ಕಾವು ಇವು ಅದರ ಜೊತೆಗಾರರು.

ಈಚಿನ ವರ್ಷಗಳಲ್ಲಿ ಒಂದು ಹೊಸ ಮಾತು ಕೇಳಿಬರುತ್ತಲಿದೆ. ಭಂಗಿಯ ಎಣ್ಣೆ, ಭಂಗಿಯ ಮುಲಾಮುಗಳು ನಮ್ಮ ಪುರಾತನ ಮನೆಮದ್ದುಗಳೇ ಆಗಿದ್ದವು. ಪರಕೀಯ ಕಾನೂನು ಅವುಗಳನ್ನು ಕಸಿದುಕೊಂಡಿತು ಎಂಬುದೇ ಆ ಮಾತು. ಇದಕ್ಕೆ ಪ್ರತಿಯಾಗಿ, ಭಂಗಿಯೆಂದರೆ ಅಮಲು ಮಾತ್ರವೇ ಹೊರತು ಅದಕ್ಕೂ ವೈದ್ಯಕ್ಕೂ ಸಂಬಂಧವಿಲ್ಲ ಎನ್ನುವವರೂ ಉಂಟು. ಈ ಎರಡು ಮಾತುಗಳಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಶಬ್ದದ ವಿಚಾರ. ಇಂಗ್ಲಿಷ್ ದಾಖಲೆಗಳಲ್ಲಿ ‘ಹೆಂಪ್’ ಎಂಬ ಒಂದೇ ಹೆಸರು ಮೂರು ಬೇರೆ ಬೇರೆ ಗಿಡಗಳಿಗೆ ಸಲ್ಲುತ್ತದೆ. ‘ಸನ್ ಹೆಂಪ್’ ಎಂದರೆ ಹಗ್ಗಕ್ಕೊದಗುವ ಸೆಣಬು. ‘ಡೆಕ್ಕನ್ ಹೆಂಪ್’ ಅಥವಾ ‘ಬ್ರೌನ್ ಹೆಂಪ್’ ಎಂದರೆ ಮರಾಠಿಯ ಅಂಬಾಡಿ, ನಮ್ಮ ಪುಂಡಿ. ‘ಇಂಡಿಯನ್ ಹೆಂಪ್’ ಎಂದರೆ ಮಾತ್ರ ಭಂಗಿ. ಪುಂಡಿಯ ಸಸ್ಯಶಾಸ್ತ್ರೀಯ ನಾಮವೇ ‘ಹೈಬಿಸ್ಕಸ್ ಕೆನಾಬಿನಸ್’ ಎಂದಿರುವುದರಿಂದ ಗೊಂದಲವು ಇಮ್ಮಡಿಸುತ್ತದೆ. ನಾವು ರೊಟ್ಟಿಯೊಡನೆ ಉಣ್ಣುವ ಪುಂಡಿಪಲ್ಯಕ್ಕೂ ಗಾಂಜಾಕ್ಕೂ ಹೆಸರಿನ ಹೊರತು ಬೇರಾವ ನಂಟೂ ಇಲ್ಲ. ಆದುದರಿಂದ ಮುಂಬಯಿ ಇಲಾಖೆಯ ಹಳೆಯ ಗ್ಯಾಸೆಟಿಯರುಗಳನ್ನೂ ಬೆಳೆಗಳ ಪಟ್ಟಿಗಳನ್ನೂ ಓದುವ ವಿದ್ಯಾರ್ಥಿಯು ನಾರುಬೆಳೆಗಳ ಸಾಲಿನಲ್ಲಿ ಬರುವ ‘ಹೆಂಪ್’ ಶಬ್ದವನ್ನು ಕಂಡೊಡನೆ ಇಲ್ಲಿ ಭಂಗಿಯನ್ನು ಹೊಲಹೊಲದಲ್ಲಿ ಬೆಳೆಯುತ್ತಿದ್ದರೆಂದು ತೀರ್ಮಾನಿಸಲಾಗದು. ಪುರಾತನತ್ವದ ವಾದದ ಒಂದು ಕಂಬ ಇಲ್ಲಿಯೇ ಸಡಿಲಾಗುತ್ತದೆ.

೩

ಇನ್ನು ವೈದ್ಯಗ್ರಂಥಗಳ ಸಾಕ್ಷ್ಯ. ಆಯುರ್ವೇದದಲ್ಲಿ ಭಂಗಿಯು ಔಷಧವಾಗಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಸುಮಾರು ಹನ್ನೊಂದು-ಹನ್ನೆರಡನೆಯ ಶತಮಾನದ ವಂಗಸೇನನ ಕಾಲದಿಂದೀಚೆಗೆ. ಅದರ ತರುವಾಯದ ಶಾರ್ಙ್ಗಧರ ಸಂಹಿತೆಯು ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ದ್ರವ್ಯಗಳಿಗೆ ಭಂಗಿಯನ್ನೂ ಅಫೀಮನ್ನೂ ಉದಾಹರಣೆಯಾಗಿ ಕೊಡುತ್ತದೆ. ಹದಿನಾರನೆಯ ಶತಮಾನದ ಭಾವಪ್ರಕಾಶವು ಅದನ್ನು ಪಾಚಕ, ಗ್ರಾಹಿ, ಉಷ್ಣ, ಮದಕಾರಿ ಎಂದು ವರ್ಣಿಸುತ್ತದೆ. ಜಾತೀಫಲಾದಿ ಚೂರ್ಣವೇ ಮುಂತಾದ ಭಂಗಿ ಸೇರಿದ ಪ್ರಸಿದ್ಧ ಯೋಗಗಳು ಹೊಟ್ಟೆಗೆ ಕೊಡುವಂಥವು. ಗ್ರಹಣಿ, ಅತಿಸಾರಗಳಿಗೆ ಸಂಬಂಧಪಟ್ಟವು.

ವಾತದ ನೋವಿಗೆ ಹೊರಗೆ ಹಚ್ಚುವ ತೈಲಗಳ ಪರಂಪರೆ ಇದಕ್ಕಿಂತ ಭಿನ್ನವಾದುದು. ನಾರಾಯಣ ತೈಲ, ಮಹಾವಿಷಗರ್ಭ ತೈಲ ಮುಂತಾದವುಗಳ ಪ್ರಚಲಿತ ಪಾಠಗಳಲ್ಲಿ ಭಂಗಿಯಿಲ್ಲ. ವಿಷಗರ್ಭ ತೈಲದಲ್ಲಿ ಬರುವ ದತ್ತೂರ, ನಿರ್ಗುಂಡಿ, ಏರಂಡ, ಅರ್ಕಗಳೆಂದರೆ ಕ್ರಮವಾಗಿ ನಮ್ಮ ಉಮ್ಮತ್ತಿ, ಲಕ್ಕಿ, ಔಡಲ ಮತ್ತು ಎಕ್ಕೆಗಳೇ. ಹಳ್ಳಿಯ ಅಜ್ಜಿಯು ಹಿತ್ತಲಿನಿಂದ ತರುವ ತಪ್ಪಲುಗಳಿಗೂ ಸಂಸ್ಕೃತ ಗ್ರಂಥದ ದ್ರವ್ಯಗಳಿಗೂ ಇರುವ ಈ ಸಾಮ್ಯವು ಗಮನಾರ್ಹವಾಗಿದೆ.

ತೈಲಪಾಕದ ಕ್ರಮವೂ ಇಲ್ಲಿ ಪ್ರಸ್ತುತವಾಗಿದೆ. ಶಾರ್ಙ್ಗಧರನ ಸಾಮಾನ್ಯ ಪ್ರಮಾಣದಂತೆ ಅರೆದ ಕಲ್ಕ ೧ ಭಾಗ, ಎಣ್ಣೆ ೪ ಭಾಗ, ಕಷಾಯವೇ ಮೊದಲಾದ ದ್ರವ ೧೬ ಭಾಗ. ದ್ರವವೆಲ್ಲ ಆರಿ, ಕಲ್ಕವನ್ನು ಬತ್ತಿಯಂತೆ ಹೊಸೆದು ಬೆಂಕಿಗಿಟ್ಟರೆ ಚಟಪಟ ಸಪ್ಪಳವಾಗದಿದ್ದಾಗ ಪಾಕವು ಸಿದ್ಧವಾಯಿತೆಂದು ತಿಳಿಯಬೇಕು. ಮೈಗೆ ಹಚ್ಚುವ ತೈಲಕ್ಕೆ ಖರಪಾಕವನ್ನು ಹೇಳಿದೆ. ಇದೇ ಎಣ್ಣೆಗೆ ಜೇನುಮೇಣವನ್ನು ಕರಗಿಸಿ ಕೂಡಿಸಿದರೆ ಅದು ಮುಲಾಮಾಗುತ್ತದೆ. ಅಂದರೆ ಎಣ್ಣೆಯಲ್ಲಿ ಗಿಡದ ಸತ್ವವನ್ನು ಇಳಿಸುವ ವಿದ್ಯೆಯು ಭಂಗಿಯನ್ನು ಅವಲಂಬಿಸಿ ಹುಟ್ಟಿದುದಲ್ಲ.

೪

ಹಾಗಾದರೆ ಭಂಗಿಯನ್ನು ನೋವಿಗೆ ಹೊರಗಿನಿಂದ ಹಚ್ಚುತ್ತಲೇ ಇರಲಿಲ್ಲವೇ? ಹಚ್ಚುತ್ತಿದ್ದರು ಎಂಬುದಕ್ಕೆ ದಕ್ಷಿಣ ಭಾರತದ ಸಾಕ್ಷ್ಯವಿದೆ. ಮದ್ರಾಸಿನ ಸೇನಾವೈದ್ಯನಾಗಿದ್ದ ವೈಟ್‌ಲಾ ಐನ್ಸ್ಲಿಯು ೧೮೨೬ರಲ್ಲಿ ಪ್ರಕಟಿಸಿದ ‘ಮೆಟೀರಿಯಾ ಇಂಡಿಕಾ’ ಎಂಬ ಗ್ರಂಥದಲ್ಲಿ, ಭಂಗಿಯ ಎಲೆಯನ್ನು ಅರಿಸಿನ, ಉಳ್ಳಾಗಡ್ಡಿ ಮತ್ತು ಬೆಚ್ಚಗಿನ ಎಳ್ಳೆಣ್ಣೆಯೊಡನೆ ಕೂಡಿಸಿ ನೋಯುವ ಮೂಲವ್ಯಾಧಿಗೆ ಹಚ್ಚುವ ರೂಢಿಯನ್ನು ದಾಖಲಿಸಿದ್ದಾನೆ. ಕಲಕತ್ತೆಯ ಓಶಾನೆಸ್ಸಿಯು ೧೮೩೯ರಲ್ಲಿ ತನ್ನ ಪ್ರಯೋಗಗಳನ್ನು ಮಂಡಿಸಿ ಪಾಶ್ಚಾತ್ಯ ವೈದ್ಯರ ಲಕ್ಷ್ಯವನ್ನು ಸೆಳೆದನು. ಸಂಧಿವಾತದ ರೋಗಿಗಳೂ ಅವನ ಪ್ರಯೋಗದಲ್ಲಿದ್ದರು. ಆದರೆ ಅವನು ಭಂಗಿಯ ರಾಳವನ್ನು ಹೊಟ್ಟೆಗೇ ಕೊಟ್ಟನು. ಆ ಸಾರ ಮತ್ತು ಟಿಂಕ್ಚರುಗಳು ಬ್ರಿಟಿಷ್ ಔಷಧಕೋಶದಲ್ಲಿ ಸ್ಥಾನ ಪಡೆದು, ೧೯೩೨ರ ಆವೃತ್ತಿಯಲ್ಲಿ ಕೈಬಿಟ್ಟುಹೋದವು.

೧೮೯೩ರ ಜುಲೈಯಲ್ಲಿ ನೇಮಕವಾದ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗವು ಮುಂಬಯಿ ಇಲಾಖೆಯನ್ನೊಳಗೊಂಡು ದೇಶದ ನಾನಾ ಭಾಗಗಳ ೧,೧೯೩ ಸಾಕ್ಷಿದಾರರನ್ನು ವಿಚಾರಿಸಿತು. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷ. ಅದರ ಪ್ರಶ್ನಾವಳಿಯಲ್ಲಿ ದೇಶೀಯ ವೈದ್ಯರ ಉಪಯೋಗವನ್ನೂ ದನಕರುಗಳ ಚಿಕಿತ್ಸೆಯನ್ನೂ ಕುರಿತ ಪ್ರಶ್ನೆಯಿದ್ದಿತು. ಎಲೆಯನ್ನರೆದು ಬಾವು, ಮೂಲವ್ಯಾಧಿಗಳ ಮೇಲೆ ಪಟ್ಟು ಹಾಕುವ ರೂಢಿ ವರದಿಯಲ್ಲಿ ಬಂದಿದೆ. ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ಣ ನಿಷೇಧ ಬೇಡ, ನಿಯಂತ್ರಣ ಮತ್ತು ತೆರಿಗೆ ಸಾಕು ಎಂದು ೧೮೯೪ರಲ್ಲಿ ಆಯೋಗವು ಅಭಿಪ್ರಾಯಪಟ್ಟಿತು.

ಈ ಸಾಕ್ಷ್ಯಗಳಿಂದ ವಿದಿತವಾಗುವುದೇನೆಂದರೆ, ಭಂಗಿಯ ಬಾಹ್ಯೋಪಯೋಗವು ಮುಖ್ಯವಾಗಿ ಹಸಿ ಎಲೆಯ ಪಟ್ಟು ಮತ್ತು ಲೇಪಗಳ ರೂಪದಲ್ಲಿದ್ದಿತು. ಕೀಲುನೋವಿಗಿಂತ ಮೂಲವ್ಯಾಧಿ, ಬಾವುಗಳಿಗೆ ಸಂಬಂಧಿಸಿತ್ತು. ಅದು ಅನೇಕ ಎಲೆಗಳಲ್ಲಿ ಒಂದು ಎಲೆ, ಎಲ್ಲದರ ಮೂಲವಲ್ಲ.

೫

ಭಂಗಿಯು ಮನೆವೈದ್ಯದಿಂದ ದೂರವಾದ ಬಗೆಯನ್ನು ತಿಳಿಯಲು ಆಡಳಿತದ ಇತಿಹಾಸವನ್ನು ನೋಡಬೇಕು. ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದುದರಿಂದ ೧೮೭೮ರ ಮುಂಬಯಿ ಅಬಕಾರಿ ಕಾಯಿದೆ ಇಲ್ಲಿ ಅನ್ವಯಿಸಿತು. ಅಣ್ಣಿಗೇರಿಯು ಆಗ ನವಲಗುಂದ ತಾಲೂಕಿನೊಳಗೆ ಇದ್ದಿತು. ಕುಂದಗೋಳವಾದರೋ ಜಮಖಂಡಿ ಸಂಸ್ಥಾನದ ಭಾಗವಾಗಿ, ೧೯೪೮ರಲ್ಲಿ ಆ ಸಂಸ್ಥಾನ ವಿಲೀನವಾಗುವವರೆಗೆ ಬೇರೆ ಆಡಳಿತದ ಕೆಳಗಿತ್ತು. ಹೀಗಾಗಿ ಇಂದು ಒಂದೇ ಜಿಲ್ಲೆಯಲ್ಲಿರುವ ಊರುಗಳ ಅಬಕಾರಿ ದಾಖಲೆಗಳನ್ನು ಒಂದೇ ಕಡೆ ಹುಡುಕುವುದು ತಪ್ಪಾದೀತು.

ಅಬಕಾರಿ ದಾಖಲೆಗಳ ಸ್ವಭಾವವನ್ನೂ ಅರಿತಿರಬೇಕು. ಅವು ಬರೆದಿಟ್ಟುದು ಪರವಾನೆ, ಅಂಗಡಿ, ತೂಕ, ಸುಂಕ, ದಂಡ. ಸೊಸೆಯ ಸೊಂಟಕ್ಕೆ ಅತ್ತೆ ಹಚ್ಚಿದ ಲೇಪದಿಂದ ಸರಕಾರಕ್ಕೆ ಸುಂಕ ಬರುತ್ತಿರಲಿಲ್ಲ. ಆದುದರಿಂದ ಅದಕ್ಕೆ ಅಲ್ಲಿ ಸ್ಥಳವಿಲ್ಲ. ಕಾಗದದ ಮೇಲೆ ಭಂಗಿಯು ಅಮಲಿನ ವಸ್ತುವಾಗಿಯೇ ಉಳಿಯಿತು. ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆಯು ಸುಂಕದ ನೀತಿಯನ್ನು ನಿಷೇಧದ ನೀತಿಯಾಗಿ ಮಾರ್ಪಡಿಸಿತು. ೧೯೫೬ರ ಏಕೀಕರಣದ ನಂತರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ೧೯೬೫ರಲ್ಲಿ ರಾಜ್ಯದ ಅಬಕಾರಿ ಕಾಯಿದೆಯಾಯಿತು. ೧೯೬೧ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಅನುಸಾರವಾಗಿ ಭಾರತವು ಮಾದಕದ್ರವ್ಯ ಮತ್ತು ಮನೋಪರಿಣಾಮಿ ವಸ್ತುಗಳ ಕಾಯಿದೆಯನ್ನು ೧೯೮೫ರ ನವೆಂಬರ ೧೪ರಂದು ಜಾರಿಗೆ ತಂದಿತು.

ಈ ಕಾಯಿದೆಯಲ್ಲಿ ಹೂಗೊನೆಯಿಲ್ಲದ ಬರಿಯ ಎಲೆ ಮತ್ತು ಬೀಜಗಳು ‘ಗಾಂಜಾ’ ಶಬ್ದದೊಳಗೆ ಬರುವುದಿಲ್ಲ. ಭಂಗ್ ಎಂಬುದು ಗಾಂಜಾ ಅಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೨ರಲ್ಲಿ ಒಂದು ಪ್ರಕರಣದಲ್ಲಿ ಹೇಳಿತು. ಆದರೆ ಇದರಿಂದ ಗಿಡ ಬೆಳೆಯಲು ಅನುಮತಿ ದೊರೆತಂತಾಗಲಿಲ್ಲ. ಅನಧಿಕೃತ ಕೃಷಿಗೆ ೧೦ ವರ್ಷಗಳವರೆಗೆ ಕಠಿಣ ಸಜೆಯುಂಟು. ಇದಕ್ಕಿಂತ ಗಂಭೀರವಾದ ಅಂಶವೊಂದಿದೆ. ರಾಳವನ್ನು ಸಾಂದ್ರಗೊಳಿಸಿ ತೆಗೆದ ಎಣ್ಣೆಯು ‘ಚರಸ್’ ಎಂಬ ವ್ಯಾಖ್ಯೆಯೊಳಗೆ ಸೇರುತ್ತದೆ. ಗಾಂಜಾಕ್ಕೆ ಅಲ್ಪ ಪ್ರಮಾಣವೆಂದರೆ ೧ ಕಿಲೋಗ್ರಾಮು. ಚರಸಿಗೆ ಅದು ೧೦೦ ಗ್ರಾಮು. ಮನೆಯಲ್ಲಿ ಸತ್ವವಿಳಿಸಿದವನು ಮದ್ದು ಮಾಡಿದೆನೆಂದು ತಿಳಿದಿರಬಹುದು; ಕಾನೂನು ಅವನನ್ನು ಬೇರೆಯಾಗಿಯೇ ಕಾಣುತ್ತದೆ. ಪುರಾತನ ಪರಂಪರೆಯ ಮಾತನ್ನು ನಂಬಿ ಕೈಹಾಕಿದ ಬಡರೈತನು ತೆರಬೇಕಾದ ಬೆಲೆ ಇದು.

೬

ವಿಜ್ಞಾನದ ನಿರ್ಣಯವೇನು? ಭಂಗಿಯ ಮುಖ್ಯ ಮಾದಕಾಂಶದ ರಚನೆಯನ್ನು ಗಾವೋನಿ ಮತ್ತು ಮೆಶೂಲಮ್ ೧೯೬೪ರಲ್ಲಿ ನಿರ್ಧರಿಸಿದರು. ಇಂಥ ಅಂಶಗಳು ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುತ್ತವೆ. ಕಾಸಿದಾಗ ಹಸಿ ಗಿಡದ ಆಮ್ಲರೂಪವು ಮಾದಕರೂಪಕ್ಕೆ ತಿರುಗುತ್ತದೆ. ಎಣ್ಣೆಯಲ್ಲಿ ಕಾಸುವ ಪದ್ಧತಿಗೆ ಈ ಮಟ್ಟಿಗೆ ಆಧಾರವುಂಟು. ಆದರೆ ಎಣ್ಣೆಯಲ್ಲಿ ಕರಗಿದುದು ಚರ್ಮವನ್ನು ದಾಟಿ ಕೀಲಿನವರೆಗೆ ಸಾಕಷ್ಟು ತಲುಪುತ್ತದೆಂದು ಅರ್ಥವಲ್ಲ. ಅಂತರರಾಷ್ಟ್ರೀಯ ವೇದನಾ ಅಧ್ಯಯನ ಸಂಘವು ೨೦೨೧ರಲ್ಲಿ ಲಭ್ಯ ಪ್ರಮಾಣಗಳನ್ನು ಪರಿಶೀಲಿಸಿ, ನೋವಿಗಾಗಿ ಭಂಗಿಯ ಅಂಶಗಳ ಸಾಮಾನ್ಯ ಬಳಕೆಯನ್ನು ಅನುಮೋದಿಸಲಿಲ್ಲ. ಅದೇ ವರ್ಷ ಆಹಾರವಸ್ತುವೆಂದು ಭಾರತದಲ್ಲಿ ಮಾನ್ಯವಾದ ಬೀಜದೆಣ್ಣೆಯೇ ಬೇರೆ. ಅದರಲ್ಲಿ ಈ ಅಂಶಗಳು ಇಲ್ಲವೆನ್ನುವಷ್ಟು ಕಡಿಮೆ. ಎಲೆಯಿಂದಾದ ಆಯುರ್ವೇದೀಯ ಔಷಧಗಳಿಗೆ ಪರವಾನೆಯೂ ವೈದ್ಯನ ಮೇಲ್ವಿಚಾರಣೆಯೂ ಬೇಕು. ಔಷಧ ನಿಯಮಗಳ ವಿಷದ್ರವ್ಯಗಳ ಪಟ್ಟಿಯಲ್ಲಿ ಬೀಜದ ಹೊರತಾದ ಭಂಗಿ ಸೇರಿದೆ.

ಒಟ್ಟಿನಲ್ಲಿ, ಭಂಗಿಗೆ ವೈದ್ಯದಲ್ಲಿ ಸ್ಥಾನವೇ ಇರಲಿಲ್ಲವೆಂಬ ಮಾತನ್ನು ಐನ್ಸ್ಲಿಯ ಗ್ರಂಥವೂ ಆಯೋಗದ ವರದಿಯೂ ನಿರಾಕರಿಸುತ್ತವೆ. ನೋವಿನೆಣ್ಣೆಯೆಂದರೆ ಭಂಗಿಯ ಎಣ್ಣೆಯೇ ಎಂಬ ಮಾತನ್ನು ತೈಲಗಳ ಪರಂಪರೆಯೇ ನಿರಾಕರಿಸುತ್ತದೆ. ಕಾಯಿದೆಯು ಒಂದು ಎಲೆಯನ್ನು ದೂರ ಮಾಡಿತು, ನಿಜ. ಆದರೆ ಔಡಲ, ಲಕ್ಕಿ, ಎಕ್ಕೆಗಳನ್ನು ಯಾವ ಕಾಯಿದೆಯೂ ನಿಷೇಧಿಸಿಲ್ಲ. ಅವು ಅಡಿಗೆಮನೆಯಿಂದ ಮರೆಯಾಗುತ್ತಿರುವುದು ಅವುಗಳ ಹದ, ಪ್ರಮಾಣಗಳನ್ನು ಬಲ್ಲ ಹಿರಿಯ ಹೆಂಗಸರೊಡನೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಯಾವ ನೋವಿಗೆ ಯಾವ ತಪ್ಪಲು, ಎಷ್ಟು ಎಣ್ಣೆ, ಎಷ್ಟು ಹೊತ್ತಿನ ಕಾವು ಎಂಬುದನ್ನು ಕೇಳಿ, ಗಿಡವನ್ನು ಸರಿಯಾಗಿ ಗುರುತಿಸಿ ಬರೆದಿಟ್ಟರೆ ಅಬಕಾರಿ ದಫ್ತರಗಳು ಬಿಟ್ಟ ಜಾಗವು ತುಂಬೀತು. ಕೀರ್ತಿ ಪಡೆದ ಒಂದು ಎಲೆಯ ಸಲುವಾಗಿ ಉಳಿದವುಗಳನ್ನು ಮರೆಯುವುದು ಇತಿಹಾಸಕ್ಕೂ ನ್ಯಾಯವಲ್ಲ, ನೋವುಂಡವರಿಗೂ ಹಿತವಲ್ಲ.