ಅಮೆರಿಕದ ಉಕ್ಕು ಸುಂಕ (2002–03): ಹೊರದೇಶಗಳ ಮೇಲಾದ ಪರಿಣಾಮ

ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ 2002ರ ಮಾರ್ಚ್ 5ರಂದು ಆಮದು ಉಕ್ಕಿನ ಮೇಲೆ ಘೋಷಿಸಿದ ಹೆಚ್ಚುವರಿ ಸುಂಕ. ಸರಕಿಗೆ ತಕ್ಕಂತೆ ಶೇ 8ರಿಂದ 30ರವರೆಗಿದ್ದ ಈ ಸುಂಕ ಮಾರ್ಚ್ 20ರಿಂದ ಜಾರಿಗೆ ಬಂತು. ಮೂರು ವರ್ಷಕ್ಕೆಂದು ಹಾಕಿದ್ದನ್ನು 2003ರ ಡಿಸೆಂಬರ್‌ನಲ್ಲೇ ತೆಗೆಯಬೇಕಾಯಿತು.

ಇದರ ಬೇರು 1997ರ ಏಷ್ಯಾ ಹಣಕಾಸು ಬಿಕ್ಕಟ್ಟಿನಲ್ಲಿದೆ. ಏಷ್ಯಾದಲ್ಲಿ ಬೇಡಿಕೆ ಕುಸಿದಾಗ ಜಪಾನ್, ಕೊರಿಯಾ, ರಷ್ಯಾಗಳ ಉಕ್ಕು ಅಗ್ಗದ ದರದಲ್ಲಿ ಅಮೆರಿಕದ ಬಂದರುಗಳಿಗೆ ಹರಿಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅಲ್ಲಿನ ಮೂವತ್ತಕ್ಕೂ ಹೆಚ್ಚು ಉಕ್ಕು ಕಂಪನಿಗಳು ದಿವಾಳಿ ಅರ್ಜಿ ಹಾಕಿದವು. 2001ರ ಅಕ್ಟೋಬರ್‌ನಲ್ಲಿ ಬೆತ್ಲೆಹೆಮ್ ಸ್ಟೀಲ್‌ನ ಸರದಿ ಬಂತು.

ಸುಂಕದ ಬಿಸಿ ಎಲ್ಲರಿಗೂ ಒಂದೇ ಬಗೆಯಲ್ಲಿ ತಟ್ಟಲಿಲ್ಲ. ವ್ಯಾಪಾರ ಒಪ್ಪಂದದ ಬಲದಿಂದ ಕೆನಡಾ, ಮೆಕ್ಸಿಕೊ, ಇಸ್ರೇಲ್, ಜೋರ್ಡಾನ್ ಪಾರಾದವು. ಅಭಿವೃದ್ಧಿಶೀಲ ದೇಶವೆಂದು ಭಾರತಕ್ಕೂ ಬಹುತೇಕ ಸರಕುಗಳಲ್ಲಿ ವಿನಾಯಿತಿ ಸಿಕ್ಕಿತು. ಆದರೆ ಭಾರತದ ಹಾಟ್ ರೋಲ್ಡ್ ಉಕ್ಕಿನ ಮೇಲೆ ಅಮೆರಿಕ ಅಷ್ಟರಲ್ಲೇ ಆಂಟಿ ಡಂಪಿಂಗ್ (ಅತಿ ಅಗ್ಗದ ಆಮದಿಗೆ ತಡೆಯೊಡ್ಡುವ) ಸುಂಕ ಹೇರಿತ್ತು. ಆ ಸರಕಿನ ಮಟ್ಟಿಗೆ ವಿನಾಯಿತಿ ಕಾಗದದ ಮೇಲಿನ ಉಪಕಾರವಷ್ಟೇ. ನೇರ ಏಟು ತಿಂದವರು ಐರೋಪ್ಯ ಒಕ್ಕೂಟ, ಜಪಾನ್, ಕೊರಿಯಾ, ಚೀನಾ. ಅವುಗಳ ಕೆಲವು ಸರಕುಗಳನ್ನೂ ಅಮೆರಿಕ ಆಮೇಲೆ ಒಂದೊಂದಾಗಿ ಪಟ್ಟಿಯಿಂದ ಕೈಬಿಟ್ಟಿತು.

ಸುಂಕಕ್ಕಿಂತ ಸುಂಕದ ಭಯವೇ ಹೆಚ್ಚು ಕೆಲಸ ಮಾಡಿತು ಎನ್ನಬೇಕು. ಅಮೆರಿಕ ಬಾಗಿಲು ಹಾಕಿದರೆ ಅಲ್ಲಿಗೆ ಹೊರಟ ಉಕ್ಕು ತಮ್ಮ ಮಾರುಕಟ್ಟೆಗೆ ನುಗ್ಗುತ್ತದೆಂದು ಉಳಿದ ದೇಶಗಳು ಅಂಜಿದವು. ಐರೋಪ್ಯ ಒಕ್ಕೂಟ ಮಾರ್ಚ್ ಕೊನೆಯಲ್ಲೇ 15 ಬಗೆಯ ಉಕ್ಕಿಗೆ ತಾತ್ಕಾಲಿಕ ತಡೆ ಒಡ್ಡಿತು. ಮೇ ತಿಂಗಳಲ್ಲಿ ಚೀನಾ ಅದೇ ದಾರಿ ಹಿಡಿಯಿತು. ವಿನಾಯಿತಿ ಪಡೆದಿದ್ದ ಮೆಕ್ಸಿಕೊ ಕೂಡ ತನ್ನ ಸುಂಕ ಏರಿಸಿತು. ರಷ್ಯಾ ಅದೇ ಮಾರ್ಚ್‌ನಲ್ಲಿ ಅಮೆರಿಕದ ಕೋಳಿಮಾಂಸವನ್ನು ತಡೆಹಿಡಿಯಿತು. ಹೇಳಿದ ಕಾರಣ ಆರೋಗ್ಯದ್ದು, ಆದರೆ ಉಕ್ಕಿನ ಸೇಡೆಂದೇ ಹಲವರು ಅರ್ಥಮಾಡಿಕೊಂಡರು. ಇಷ್ಟಾದರೂ ಜಾಗತಿಕ ಉಕ್ಕು ಉದ್ಯಮ ನೆಲಕಚ್ಚಲಿಲ್ಲ. ಚೀನಾದ ಕಟ್ಟಡ, ಕಾರ್ಖಾನೆಗಳ ಹಸಿವು ಆ ಎರಡು ವರ್ಷಗಳಲ್ಲಿ ಎಷ್ಟು ಬೆಳೆಯಿತೆಂದರೆ, ಮಿಕ್ಕ ಉಕ್ಕಿಗೆ ಅಲ್ಲಿ ಜಾಗ ಸಿಕ್ಕಿತು, ಬೆಲೆಯೂ ಚೇತರಿಸಿಕೊಂಡಿತು.

ಎಂಟು ದೂರುದಾರರು ವಿಶ್ವ ವ್ಯಾಪಾರ ಸಂಸ್ಥೆಗೆ ಹೋದರು. ಅಮೆರಿಕದ ವಾದದಲ್ಲಿ ಒಂದು ಸೋಜಿಗದ ಲೋಪವಿತ್ತು: ಆಮದಿನಿಂದ ತನ್ನ ಉದ್ಯಮಕ್ಕಾದ ನಷ್ಟದ ಲೆಕ್ಕಕ್ಕೆ ಕೆನಡಾ, ಮೆಕ್ಸಿಕೊಗಳ ಉಕ್ಕನ್ನು ಸೇರಿಸಿಕೊಂಡು, ಸುಂಕ ವಸೂಲಿಯಲ್ಲಿ ಅವನ್ನು ಬಿಟ್ಟಿತ್ತು. 2003ರ ನವೆಂಬರ್ 10ರಂದು ಮೇಲ್ಮನವಿ ಮಂಡಳಿ ಅಮೆರಿಕದ ವಿರುದ್ಧ ತೀರ್ಪಿತ್ತಿತು. ಸುಮಾರು 220 ಕೋಟಿ ಡಾಲರ್ ಮೌಲ್ಯದ ಸರಕಿನ ಮೇಲೆ ಪ್ರತಿಸುಂಕ ಹಾಕಲು ಐರೋಪ್ಯ ಒಕ್ಕೂಟ ಸಜ್ಜಾಗಿತ್ತು. ಪಟ್ಟಿಯಲ್ಲಿ ಫ್ಲಾರಿಡಾದ ಕಿತ್ತಳೆರಸವಿತ್ತು, ಆ ರಾಜ್ಯದ ಮತಗಳು ಮುಖ್ಯವಾಗಿದ್ದ ಅಧ್ಯಕ್ಷರ ಚುನಾವಣೆಯೂ ಮುಂದಿನ ವರ್ಷ ಇತ್ತು. ಡಿಸೆಂಬರ್ 4ರಂದು ಬುಷ್ ಸುಂಕ ಹಿಂತೆಗೆದರು.

2018ರಲ್ಲಿ ಡೊನಾಲ್ಡ್ ಟ್ರಂಪ್ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಶೇ 25ರ ಉಕ್ಕು ಸುಂಕ ತಂದಾಗ ಭಾರತಕ್ಕೆ ಈ ಸಲ ವಿನಾಯಿತಿ ದೊರೆಯಲಿಲ್ಲ. ಆ ಆಗಸ್ಟ್‌ನಲ್ಲಿ ಟರ್ಕಿಯ ಉಕ್ಕಿಗೆ ಅದು ಶೇ 50ಕ್ಕೇರಿ, ಮೊದಲೇ ಕುಸಿಯುತ್ತಿದ್ದ ಅಲ್ಲಿನ ಕರೆನ್ಸಿ ಲಿರಾ ಇನ್ನಷ್ಟು ಇಳಿಯಿತು. ಭಾರತ 2019ರ ಜೂನ್‌ನಲ್ಲಿ ಅಮೆರಿಕದ ಬಾದಾಮಿ, ಅಕ್ರೋಟು, ಸೇಬು ಸೇರಿ 28 ಸರಕುಗಳ ಮೇಲೆ ಪ್ರತಿಸುಂಕ ವಿಧಿಸಿತು. 2023ರಲ್ಲಿ ರಾಜಿಯಾದಾಗ ಈ ಮೂರರ ಮೇಲಿನ ಪ್ರತಿಸುಂಕವೂ ಹೋಯಿತು. ಉಕ್ಕಿನ ಮೇಲಿನ ಶೇ 25 ಮಾತ್ರ ಹಾಗೇ ಉಳಿಯಿತು.